ಲಾಳವಿಲ್ಲದ ಐದನೇ ಕುದುರೆ

ಜಿಲಾಲಿ: ಒಂಬತ್ತಂತೆ, ಒಂಬತ್ತು. ಕಣ್ಣು ಬಿಟ್ಟು ಪತ್ರಿಕೆ ಓದು ಮಿಲೂದ್. ನಿನ್ನ ಒಂಬತ್ತು ಹೋದ ನಾಲ್ಕು ಓಟದಲ್ಲಿ ಏಳನೇದು, ಹತ್ತನೇದು, ಎಂಟನೇದು, ಹನ್ನೊಂದನೇದು. ಇದು ಕುದುರೆಯಾ, ದಿಬ್ಬಣದ ಹಿಂದೆ ಕುಂಟಿಕೊಂಡು ಬರೋ ನೆಂಟನಾ?

ಮಿಲೂದ್: ನಾನು ಓದೋದಿಲ್ಲ, ನೋಡ್ತೀನಿ. ಈಗ ತಾನೆ ಟೀವಿಯಲ್ಲಿ ಸುತ್ತು ಹಾಕ್ತಲ್ಲ. ಕುತ್ತಿಗೆ ಸಡಿಲ, ಕಿವಿ ಮುಂದೆ, ಹಿಂಗಾಲು ಮುಂಗಾಲಿನ ಗುರುತು ದಾಟಿ ಬೀಳ್ತಿದೆ. ನಿನ್ನ ಐದು ಆಗಲೇ ಬೆವರಿ ನೊರೆ ಕಟ್ಟಿದೆ.

ಕುದುರೆಗಳು ಹಗುರವಾದ ಎರಡು ಚಕ್ರದ ಗಾಡಿ ಕಟ್ಟಿಕೊಂಡು ಓಡುವುದು ಸಮುದ್ರದಾಚೆ, ಫ್ರಾನ್ಸಿನಲ್ಲಿ. ಜಗಳ ನಡೆಯುವುದು ಕಾಸಾಬ್ಲಾಂಕಾದ ಈ ಕೆಫೆಯಲ್ಲಿ, ಭಾನುವಾರ ಮಧ್ಯಾಹ್ನ. ಅಂಚೆ ಕಚೇರಿಯಿಂದ ನಿವೃತ್ತನಾದ ಜಿಲಾಲಿಯೂ ನಲವತ್ತು ವರ್ಷ ಬಾಡಿಗೆ ಸಾರೋಟು ಹೊಡೆದ ಮಿಲೂದನೂ ಕೂಡಿ ವಾರಕ್ಕೊಂದು ಬಾಜಿಯ ಚೀಟಿ ಕಟ್ಟುವವರು. ಹನ್ನೊಂದು ವರ್ಷದಿಂದ ಚೀಟಿಯ ಮೇಲೆ ಬಿದ್ದದ್ದೆಲ್ಲ ಜಿಲಾಲಿ ಹೇಳಿದ ನಂಬರೇ. ಇಂದಾದರೂ ತನ್ನ ಕುದುರೆ ಅಲ್ಲಿ ಬರಬೇಕೆಂದು ಮಿಲೂದ್ ಹಟ ಹಿಡಿದಿದ್ದ. ಮೂಲೆಯ ಬಾಜಿಕಿಂಡಿ ಮುಚ್ಚಲು ಹತ್ತು ನಿಮಿಷವಿತ್ತು.

ಜಿಲಾಲಿ: ನೀನು ನೋಡಿದ ಕುದುರೆ ನನಗೂ ಗೊತ್ತು ಮಾರಾಯ. ಆ ನಿನ್ನ ಸಾರೋಟಿನ ಬಿಳಿ ಹೆಣ್ಣುಕುದುರೆ ಬಂದರಿನಿಂದ ಸಂತೆಗೆ ಬರೋಷ್ಟರಲ್ಲಿ ಒಳಗೆ ಕೂತವರಿಗೆ ಗಡ್ಡ ಬೆಳೀತಿತ್ತು.

ಮಿಲೂದ್: ಬೆಳೆದ್ರೂ ಸಂತೆಗೇ ಬರ್ತಿತ್ತು. ನೀನು ವಿಂಗಡಿಸಿದ ಕಾಗದದ ಹಾಗೆ, ಅಗಾದಿರಿಗೆ ಹೋಗಬೇಕಾದ್ದು ತಾಂಜಿಯರ್ ನೋಡಿಕೊಂಡು ಬರ್ತಿರಲಿಲ್ಲ.

ಜಿಲಾಲಿ ಪತ್ರಿಕೆಯ ಮೇಲೆ ಪೆನ್ಸಿಲಿನಿಂದ ಕುಟ್ಟಿದ.

ಜಿಲಾಲಿ: ಇಲ್ಲಿ ನೋಡು. ಇವತ್ತು ಐದಕ್ಕೆ ನಾಲ್ಕೂ ಕಾಲಿನ ಲಾಳ ಬಿಚ್ಚಿಸಿದಾರೆ. ಅದರ ಅರ್ಥ ಗೊತ್ತಾ?

ಮಿಲೂದ್: ಗೊತ್ತು. ಯಜಮಾನ ಕಡು ಜಿಪುಣ.

ಜಿಲಾಲಿ: ಗಾಡಿ ಹೊಡೆಯೋನ ಬುದ್ಧಿ ಗಾಡೀಲೇ ಉಳೀತು. ಕಾಲು ಹಗುರ ಆಗ್ಲಿ ಅಂತ ಬಿಚ್ಚಿಸ್ತಾರೆ ಕಣಯ್ಯ. ಅದೂ ಗೆಲ್ಲಲೇಬೇಕು ಅನ್ನೋ ದಿನ ಮಾತ್ರ.

ಮಿಲೂದ್: ಹಾಗಾದ್ರೆ ಲಾಳ ಇದ್ದ ದಿನ ಸೋಲೋಕೆ ಅಂತ ಓಡಿಸ್ತಿದ್ರಾ? ಅಂಥ ಮನೆಯ ಕುದುರೆ ಮೇಲೆ ನಾನು ದುಡ್ಡು ಹಾಕಬೇಕಾ?

ಜಿಲಾಲಿ: ನನ್ನ ನಂಬಬೇಡ, ಬಿಡು. ತಜ್ಞರ ಅಂಕಣ ಕೇಳು. ‘ಐದನೆಯ ಕುದುರೆಯ ಹಿಂದೆ ಉಳಿದವೆಲ್ಲ ಧೂಳು ಕುಡಿಯುತ್ತವೆ.’ ನಿನ್ನೆ ನಾನೂ ಇದನ್ನೇ ಹೇಳಿದೆ. ಎಲ್ಲೋ ಕೂತ ಆ ಮೇಧಾವಿ, ಇಲ್ಲಿ ಕೂತ ನಾನು, ಒಬ್ಬರ ಮುಖ ಒಬ್ಬರು ಕಂಡಿಲ್ಲ. ಇಬ್ಬರೂ ಒಂದೇ ಕುದುರೆ ಹತ್ರ ಬಂದು ನಿಂತಿದೀವಿ. ಇನ್ನೇನು ಬೇಕು ನಿನಗೆ?

ಅಷ್ಟರಲ್ಲಿ, ಅದೇ ಪತ್ರಿಕೆಯಲ್ಲಿ ನಮಾಜಿನ ವೇಳೆ, ಹವಾಮಾನಗಳನ್ನು ಜೋಡಿಸುವ ತಿಹಾಮಿ ಪುದೀನ ಚಹಾದ ಲೋಟ ಹಿಡಿದು ಪಕ್ಕದ ಮೇಜಿಗೆ ಬಂದ.

ಜಿಲಾಲಿ: ಬನ್ನಿ ತಿಹಾಮಿಯವರೇ. ನಿಮ್ಮ ತಜ್ಞರು ಎಂಥವರು ಅಂತ ಈ ಸಾರೋಟಿಗೆ ಸ್ವಲ್ಪ ಹೇಳಿ.

ತಿಹಾಮಿ: ಅವರೆಲ್ಲಿದಾರೆ? ಫೆಜ್‌ಗೆ, ಮಗಳ ಮನೆಗೆ ಹೋಗಿ ಎರಡು ವರ್ಷ ಆಯ್ತಲ್ಲ.

ಜಿಲಾಲಿ: ಮತ್ತೆ ಇದನ್ನ ಬರೆಯೋದು ಯಾರು?

ತಿಹಾಮಿ: ಸಂಪಾದಕರು ನನ್ನ ತಲೆಗೆ ಕಟ್ಟಿದ್ರು. ನನಗೋ, ಕುದುರೆಯ ಹಿಂದು ಮುಂದು ತಿಳಿಯೋದಿಲ್ಲ. ಶನಿವಾರ ಇಲ್ಲಿಗೆ ಬಂದು, ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡೋರು ಏನಂತಾರೋ ಅದನ್ನ ಬರ್ಕೊಂಡು ಹೋಗ್ತೀನಿ.

ಮಿಲೂದ್: ಯಾರಪ್ಪ ಅವರು, ಗಟ್ಟಿಯಾಗಿ ಮಾತಾಡೋರು?

ತಿಹಾಮಿ ಚಹಾದೊಳಗಿನ ಪುದೀನ ಎಲೆಗಳನ್ನು ನೋಡುತ್ತ ಕುಳಿತ.

ತಿಹಾಮಿ: ಆ ಧೂಳು ಕುಡಿಯೋ ಮಾತು ಜಿಲಾಲಿಯವರದೇ. ಚೆನ್ನಾಗಿತ್ತು. ಹಾಗೇ ಹಾಕಿದೆ.

ಮಿಲೂದ್ ನಗಲಿಲ್ಲ. ನಕ್ಕರೆ ಜಿಲಾಲಿ ಹಟಕ್ಕಾದರೂ ಐದನ್ನೇ ಕಟ್ಟುತ್ತಾನೆಂದು ಅವನಿಗೆ ಗೊತ್ತಿತ್ತು. ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡು ಗೋಡೆಯ ಗಡಿಯಾರದತ್ತ ನೋಡಿದ. ಜಿಲಾಲಿ ಅಂಕಣವನ್ನು ಮೊದಲಿನಿಂದ ಇನ್ನೊಮ್ಮೆ, ಪರರ ಕಾಗದ ಓದುವವನಂತೆ, ಓದಿದ.

ಜಿಲಾಲಿ: ಅಂದ್ರೆ, ಐದು ಗೆಲ್ಲುತ್ತೆ ಅಂದವನು ಇಡೀ ಊರಲ್ಲಿ ನಾನೊಬ್ಬನೇನಾ?

ತಿಹಾಮಿ: ನನಗೆ ಗೊತ್ತಿರೋ ಮಟ್ಟಿಗೆ, ನೀವೊಬ್ಬರೇ.

ಜಿಲಾಲಿ ಚೀಟಿಯ ಮೇಲಿದ್ದ ಐದನ್ನು ಹೊಡೆದುಹಾಕಿ, ಪೆನ್ಸಿಲನ್ನು ಮಿಲೂದನ ಕಡೆ ದೂಡಿದ.

ಜಿಲಾಲಿ: ತಗೋ, ನಿನ್ನ ಒಂಬತ್ತನ್ನೇ ಬರಿ. ನನ್ನೊಬ್ಬನ ಮಾತು ಕೇಳಿಕೊಂಡು ದುಡ್ಡು ಕಟ್ಟೋಕೆ ನನಗೇನು ತಲೆ ಕೆಟ್ಟಿದೆಯಾ?