ಗೊಜ್ಜವಲಕ್ಕಿಯ ವಿಳಾಸ

ಗಿರಿಜಾಂಬಾ ಕನ್ನಡಕ ಏರಿಸಿಕೊಂಡು ಕಂಪ್ಯೂಟರಿನ ಪರದೆಗೆ ಮೂಗು ತಾಗಿಸದೆ ಇದ್ದಿದ್ದರೆ ರಾಮಾನುಜನ ಆ ಶನಿವಾರ ಸುಖವಾಗಿ ಕಳೆದುಹೋಗುತ್ತಿತ್ತು.

“ಏನಪ್ಪಾ ಇದು? ನನ್ನ ಮಾವಿನಕಾಯಿ ಚಿತ್ರಾನ್ನದ ವಿಳಾಸ ಬರೀ ನಲವತ್ತೇಳು ಅಂತಿದೆ! ಅದೇನು ಜೈಲಲ್ಲಿರೋ ಕೈದಿನಾ?”

ಗಿರಿಜಾಂಬಾ ಮಲ್ಲೇಶ್ವರದ ಅನ್ನಪೂರ್ಣಾ ಮಹಿಳಾ ಮಂಡಳಿಯ ಅಧ್ಯಕ್ಷೆ. ಸದಸ್ಯೆಯರ ಅಡುಗೆಗಳನ್ನೆಲ್ಲ ಮಾಡುವ ವಿಧಾನದ ಸಮೇತ ಸೇರಿಸಿ ಮಂಡಳಿಗೊಂದು ವೆಬ್‌ಸೈಟ್ ಮಾಡಿದವನು ಶೇಷಾದ್ರಿಪುರದ ಸಣ್ಣ ಕಂಪನಿಯೊಂದರ ರಾಮಾನುಜ. ಸಂಜೆ ಉದ್ಘಾಟನೆ, ಬೆಳಿಗ್ಗೆಯೇ ಅವನು ಮಂಡಳಿಗೆ ಬಂದು ಕೂತಿದ್ದ. “ಇವತ್ತೇನಾದ್ರೂ ಎಡವಟ್ಟಾದ್ರೆ ಸೋಮವಾರದಿಂದ ಬರ್ಬೇಡ” ಎಂದು ಕಂಪನಿಯ ಯಜಮಾನ ಬದರೀನಾರಾಯಣ ಆಗಲೇ ಆಶೀರ್ವದಿಸಿದ್ದ.

“ಈಗಲೇ ಸರಿ ಮಾಡ್ತೀನಿ ಅಮ್ಮಾ” ಎಂದ ರಾಮಾನುಜ.

ಅದೇನು ದೊಡ್ಡ ಕೆಲಸವಲ್ಲ. ಪ್ರತಿ ಅಡುಗೆಯ ಜೊತೆ ತಿಂಡಿಯ ಹೆಸರು, ಮಾಡಿದವರ ಹೆಸರು, ಬೀದಿ, ವಯಸ್ಸು ಎಲ್ಲ ತುಂಬಿಟ್ಟಿತ್ತು. ಯಾವುದು ಬೇಕೆಂದು ಹೇಳಿದರೆ ಸಾಕು, ಕಂಪ್ಯೂಟರು ಅದನ್ನೇ ಪೋಣಿಸಿ ಪುಟಕ್ಕೊಂದು ವಿಳಾಸ ಕಟ್ಟಿಕೊಡುತ್ತಿತ್ತು. ರಾಮಾನುಜ ತಿಂಡಿಯ ಹೆಸರನ್ನು ಆರಿಸಿದ. ಗಿರಿಜಾಂಬಾ ಹಿಗ್ಗಿ, ಆ ವಿಳಾಸಗಳನ್ನು ಪಕ್ಕದ ಬೀದಿಯ ಪ್ರೆಸ್ಸಿಗೆ ಕಳಿಸಿ, ಊಟದ ಹೊತ್ತಿಗೆ ಬಣ್ಣದ ಕಾರ್ಡು ಅಚ್ಚು ಹಾಕಿಸಿ ಮನೆಮನೆಗೂ ಹಂಚಿಬಿಟ್ಟರು.

ಕಾರ್ಡು ಹಿಡಿದುಕೊಂಡು ಮೊದಲು ಬಂದವರು ತ್ರಿಪುರಸುಂದರಿ.

“ನನ್ನ ಗೊಜ್ಜವಲಕ್ಕಿ ಪಕ್ಕ ಎರಡು ಅಂತ ಯಾಕಿದೆ?”

“ಕೋಕಿಲಾ ಅವ್ರೂ ಗೊಜ್ಜವಲಕ್ಕಿ ಕೊಟ್ಟಿದಾರೆ ಅಮ್ಮಾ. ಎರಡು ಪುಟಕ್ಕೆ ಒಂದೇ ವಿಳಾಸ ಆಗಲ್ಲ. ಅದಕ್ಕೆ ಕಂಪ್ಯೂಟರೇ...”

“ಅವಳದ್ದು ಗೊಜ್ಜವಲಕ್ಕಿ, ನಂದು ಎರಡನೇ ದರ್ಜೆನಾ? ಅವಳಿಗೆ ಅವಲಕ್ಕಿ ನೆನೆಸೋದು ಹೇಳ್ಕೊಟ್ಟೋಳೇ ನಾನು!”

ರಾಮಾನುಜ ಬೀದಿಯ ಹೆಸರು ಸೇರಿಸಿದ. ಇಬ್ಬರದೂ ಒಂದೇ ಕ್ರಾಸು, ಅಂಟಿಕೊಂಡ ಗೋಡೆ. ಎರಡು ಎಂಬುದು ಹಲ್ಲಿಗೆ ಸಿಕ್ಕಿದ ನಾರಿನಂತೆ ಕೂತಲ್ಲೇ ಕೂತಿತು. ಬೀದಿ ತೆಗೆದು, ತಿಂಡಿಯ ಹೆಸರಾದ ಮೇಲೆ ಮಾಡಿದವರ ಹೆಸರು ಹಾಕಿದ. ಎರಡು ಮಾಯವಾಯಿತು, ನರಸಮ್ಮ ಪ್ರತ್ಯಕ್ಷರಾದರು. ಅವರು ಕೊಟ್ಟಿದ್ದು ರವೆ ಉಂಡೆ, ಮೈಕಟ್ಟೂ ಸ್ವಲ್ಪ ಹಾಗೆಯೇ.

“‘ರವೆ ಉಂಡೆ ನರಸಮ್ಮ’ ಅಂತ ಹಾಕಿದೀಯಲ್ಲೋ! ದಿನಾ ಬೆಳಿಗ್ಗೆ ಸ್ಯಾಂಕಿ ಕೆರೆ ಸುತ್ತೋದು ಇದಕ್ಕೇನಾ?”

ಗಾಬರಿಯಲ್ಲಿ ಹೆಸರು ಕಿತ್ತು, ಉಳಿದಿದ್ದ ಒಂದೇ ಒಂದು ವಿವರವನ್ನು ಒತ್ತಿದ. ಅದು ವಯಸ್ಸು.

ಮಂಡಳಿಯ ಜಗುಲಿಯಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. “ಗೊಜ್ಜವಲಕ್ಕಿ ಐವತ್ತೆಂಟಾ?” ಕೋಕಿಲಾ ಕಿರುಚಿದರು. “ನಮ್ಮನೆಯೋರಿಗೇ ಹೇಳಿಲ್ಲ ನಾನು!”

ಕೊನೆಗೆ ಬೆವರೊರೆಸಿಕೊಂಡು, ಹೆಸರನ್ನು ಮೊದಲು ಹಾಕಿ ತಿಂಡಿಯನ್ನು ಹಿಂದಕ್ಕೆ ಸರಿಸಿದ. ‘ನರಸಮ್ಮ ರವೆ ಉಂಡೆ’ಗೆ ನರಸಮ್ಮ ಒಪ್ಪಿದರು. ತ್ರಿಪುರಸುಂದರಿಯೂ ಕೋಕಿಲಾರೂ ಒಪ್ಪಿದರು. ರಾಮಾನುಜನಿಗೆ ಒಂದು ಲೋಟ ಕಾಫಿ ಕೂಡ ಸಿಕ್ಕಿತು.

ಸಂಜೆ ಸಭಾಂಗಣ ತುಂಬಿತ್ತು. ಮುಖ್ಯ ಅತಿಥಿ, ನಿವೃತ್ತ ಹೆಡ್‌ಮಾಸ್ಟರ್ ನಂಜುಂಡಯ್ಯ, ಅಚ್ಚಾದ ಕಾರ್ಡು ನೋಡಿಕೊಂಡು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ದೊಡ್ಡ ಪರದೆಯ ಮೇಲೆ ಮೂಡಿತು: ‘ಪುಟ ಸಿಗಲಿಲ್ಲ.’ ಇನ್ನೊಂದು ಒತ್ತಿದರು. ಅದೂ ಸಿಗಲಿಲ್ಲ.

ರಾಮಾನುಜ ಓಡಿಬಂದು ಕಾರ್ಡಿನ ಮೇಲೆ ಕಣ್ಣಾಡಿಸಿದ. ಕಾರ್ಡಿನಲ್ಲಿದ್ದದ್ದು ಬೆಳಗಿನ ವಿಳಾಸಗಳು. ಹೊಸದು ಕಟ್ಟಿದಾಗಲೆಲ್ಲ ಹಳೆಯದು ಸತ್ತುಹೋಗಿತ್ತು. ಹಿಂದಿನ ಸಾಲಿನಿಂದ ಬದರೀನಾರಾಯಣ ಕಣ್ಣಲ್ಲೇ ಅವನನ್ನು ಹುರಿಯತೊಡಗಿದ.

ತ್ರಿಪುರಸುಂದರಿ ಎದ್ದು ನಿಂತರು. “ಕಾರ್ಡಲ್ಲಿರೋದು ಯಾವ್ದೂ ತೆರೆಯಲ್ವೇನೋ?”

“ಇಲ್ಲ ಅಮ್ಮಾ” ಎಂದ ರಾಮಾನುಜ, ಅಳುವುದೊಂದು ಬಾಕಿ.

“ಸದ್ಯ, ಬದುಕಿದೆ! ಹುಣಸೆ ರಸಕ್ಕೆ ನಾನೇನು ಬೆರೆಸ್ತೀನಿ ಅಂತ ಈ ಕೋಕಿಲಾಗೆ ಗೊತ್ತಾಗ್ಬಿಡತ್ತಲ್ಲಾ ಅಂತ ವಾರದಿಂದ ಊಟ ಸೇರ್ತಿರ್ಲಿಲ್ಲ.”

“ನಂಗೂ ಅದೇ ಚಿಂತೆ ಕಣ್ರೀ!” ಎಂದರು ಕೋಕಿಲಾ. “ಅಧ್ಯಕ್ಷರು ಕೇಳಿದ್ರಲ್ಲಾ ಅಂತ ಕೊಟ್ಟಿದ್ದಷ್ಟೇ.”

ಸಾಲುಸಾಲಾಗಿ ನಿಟ್ಟುಸಿರುಗಳು ಹೊರಬಿದ್ದವು. ಗಿರಿಜಾಂಬಾ ಮೈಕು ಕಸಿದುಕೊಂಡರು. “ಹೆಸರು ಊರಿಗೆಲ್ಲ, ಗುಟ್ಟು ನಮ್ಮಲ್ಲೇ! ಇಂಥ ಬುದ್ಧಿವಂತ ಹುಡುಗನಿಗೆ ಒಂದು ಶಾಲು ಹೊದಿಸೋಣ.” ಚಪ್ಪಾಳೆಯೋ ಚಪ್ಪಾಳೆ.

ಶಾಲು ಹೊದ್ದು ಮೆಟ್ಟಿಲಿಳಿದ ರಾಮಾನುಜನನ್ನು ಬದರೀನಾರಾಯಣ ತಡೆದ. “ಶಾಲು ಚೆನ್ನಾಗಿದೆ. ತೆರೆಯದ ವೆಬ್‌ಸೈಟ್ ಮಾಡ್ಕೊಟ್ರು ಅಂತ ನಾಳೆ ಊರೆಲ್ಲ ಆಡ್ಕೊಳ್ಳತ್ತೆ. ಸೋಮವಾರದೊಳಗೆ ಆ ಕಾರ್ಡಿನ ಒಂದೊಂದು ವಿಳಾಸನೂ ತೆರೀಬೇಕು. ಇಲ್ದಿದ್ರೆ ಕೆಲಸಕ್ಕೆ ಬರ್ಬೇಡ.”

ಗೇಟಿನ ಬಳಿ ಗಿರಿಜಾಂಬಾ ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. “ಹೀಗೇ ಇರ್ಲಿ ಮರೀ. ಒಂದೇ ಒಂದು ಪುಟ ತೆರೆದ್ರೂ, ನಿಮ್ಮ ಯಜಮಾನರಿಗೆ ಹೇಳಿ ನಿನ್ನ ಕೆಲಸದಿಂದ ತೆಗೆಸ್ತೀನಿ!”