ಹಿಟ್ಟಿನ ಮಿಲ್ಲು ಗಳಿಸಿದ ಅಂಕಗಳಿಂದ ಹಿಂಬಡ್ತಿ ಕೋರಿ

ಇಂದ,
ಯೂನುಸ್ ಬಿನ್ ಹುಸೇನ್ ಸಾಬ್,
ಹಿಟ್ಟಿನ ಮಿಲ್ಲು, ಬಸ್ ಸ್ಟ್ಯಾಂಡ್ ಹಿಂಭಾಗ,
ಬರಗೂರು, ಶಿರಾ ತಾಲ್ಲೂಕು.
(ಇನ್ನು ಮುಂದೆ ‘ಅರ್ಜಿದಾರ’)

ಗೆ,
ಅಂಕ ನೀಡುವ ಅಧಿಕಾರಿಗಳು,
ಗಿಟಾರ್ ಕಲಿಸುವ ಆಪ್,
ಅರ್ಜಿದಾರನ ಫೋನಿನ ಒಳಗೆ, ಎರಡನೇ ಪುಟ, ಮೂರನೇ ಸಾಲು.

ವಿಷಯ: ನಾಲ್ಕನೇ ಹಂತದಿಂದ ಒಂದನೇ ಹಂತಕ್ಕೆ ಹಿಂಬಡ್ತಿ ನೀಡುವ ಬಗ್ಗೆ.

ಉಲ್ಲೇಖ: ೧) ಒಂಬತ್ತು ವರ್ಷದ ಹಿಂದೆ ಅರ್ಜಿದಾರ ತನ್ನ ಮಗಳಿಗೆ ಕೊಟ್ಟ ಮಾತು (ಬಾಯಿಮಾತು, ಪ್ರತಿ ಲಭ್ಯವಿಲ್ಲ).
೨) ‘ನಿಮ್ಮ ಗಿಟಾರ್ ನಿಮಗಾಗಿ ಕಾಯುತ್ತಿದೆ’ ಎಂದು ತಾವು ದಿನಕ್ಕೆ ನಾಲ್ಕು ಸಲ ಕಳಿಸುವ ಜ್ಞಾಪನಗಳು.

ಮಾನ್ಯರೇ, ಅಥವಾ ಮಾನ್ಯ ಯಂತ್ರವೇ,

೧. ಮೇಲ್ಕಂಡ ಉಲ್ಲೇಖ ಒಂದರ ಮಾತಿನ ವಿವರ ಹೀಗಿದೆ. ಅರ್ಜಿದಾರನ ಮಗಳು ತಮನ್ನಾ ಒಂದನೇ ಕ್ಲಾಸಿನಲ್ಲಿದ್ದಾಗ ಶಾಲಾ ವಾರ್ಷಿಕೋತ್ಸವದಲ್ಲಿ ಹಾಡಲು ನಿಂತಳು. ಟೇಪಿನಲ್ಲಿ ಸಂಗೀತ ಬರುತ್ತಿತ್ತು. ಎರಡನೇ ಸಾಲಿಗೆ ಕರೆಂಟ್ ಹೋಯಿತು. ಸಂಗೀತ ನಿಂತಿತು, ಹುಡುಗಿಯ ಬಾಯಿಯೂ ನಿಂತಿತು, ಊರು ನಕ್ಕಿತು. ಮನೆಗೆ ಹೊತ್ತು ತರುವಾಗ ಹೆಗಲ ಮೇಲಿನ ಅಂಗಿ ಒದ್ದೆಯಾದ ಕಾರಣ, ಅರ್ಜಿದಾರ ಮುಂದಾಲೋಚನೆಯಿಲ್ಲದೆ ಹೇಳಿದ್ದೇನೆಂದರೆ: “ಇನ್ಮೇಲೆ ಕರೆಂಟ್ ನಂಬ್ಬೇಡ ಬೇಟಾ. ನೀನು ಹಾಡು, ಪಕ್ಕದಲ್ಲಿ ಕೂತ್ಕೊಂಡು ನಾನೇ ಬಾರಿಸ್ತೀನಿ.” ಆ ದಿನಾಂಕಕ್ಕೆ ಅರ್ಜಿದಾರನಿಗೆ ಬಾರಿಸಲು ಬರುತ್ತಿದ್ದುದು ಸೈಕಲ್ ಬೆಲ್ ಮಾತ್ರ.

೨. ಮಕ್ಕಳು ಮರೆಯುತ್ತಾರೆ ಎಂಬ ನಂಬಿಕೆಯ ಮೇಲೆ ಅರ್ಜಿದಾರ ಒಂಬತ್ತು ವರ್ಷ ರಾಗಿ ಬೀಸಿಕೊಂಡಿದ್ದನು. ಹತ್ತನೇ ಕ್ಲಾಸಿಗೆ ಬಂದ ತಮನ್ನಾ, ಬೀಳ್ಕೊಡುಗೆ ಸಮಾರಂಭಕ್ಕೆ ತಾನೇ ಒಂದು ಹಾಡು ಕಟ್ಟಿ, ತನ್ನ ಹೆಸರಿನ ಜೊತೆಗೆ ತಂದೆಯ ಹೆಸರನ್ನೂ ಬರೆಸಿ ಬಂದಳು. ವರ್ಗವಾಗಿ ಹೋದ ನವೀನ್ ಕುಮಾರ್ ಮೇಷ್ಟ್ರು ಬಿಟ್ಟುಹೋಗಿದ್ದ ಗಿಟಾರನ್ನು ಶಾಲೆಯ ಅಟ್ಟದಿಂದ ಇಳಿಸಿ ತಂದು, ತಂದೆಯ ಫೋನಿಗೆ ತಮ್ಮನ್ನು ಹಾಕಿಕೊಟ್ಟಳು. “ಇದು ನಿಮ್ ಕೈ ಕೇಳುಸ್ಕೊಂಡು ಸರಿ ತಪ್ಪು ಹೇಳ್ತದೆ ಅಬ್ಬಾ. ಮೇಷ್ಟ್ರಿಗಿಂತ ಸ್ಟ್ರಿಕ್ಟು” ಎಂದಳು. ಅರ್ಜಿದಾರ ನಂಬಿದನು.

೩. ಮನೆಯಲ್ಲಿ ಅಭ್ಯಾಸ ಮಾಡಿದಾಗ ತಾವು ಒಂಬತ್ತು, ಹನ್ನೊಂದು ಈ ಪ್ರಕಾರ ಅಂಕ ನೀಡಿದ್ದೀರಿ. ಅರ್ಜಿದಾರ ತಂತಿ ಮುಟ್ಟಿದೊಡನೆ ಹಿತ್ತಿಲಿನ ಮೇಕೆ ಮೇವು ಬಿಟ್ಟು ಎದ್ದುಹೋಗುತ್ತಿತ್ತು. ಆದರೆ ಮಿಲ್ಲಿನಲ್ಲಿ ಗಿರಾಕಿಗಳ ನಡುವೆ ಕೂತು ಬಾರಿಸಿದಾಗ ಅರವತ್ತೆಂಟು, ಎಪ್ಪತ್ತು, ಎಪ್ಪತ್ತೊಂದು! ಇದನ್ನು ಕೂಲಂಕಷವಾಗಿ ಪರಿಶೀಲಿಸಿದ ಅರ್ಜಿದಾರ, ಮಿಲ್ಲು ಓಡಿಸುವ ತ್ರೀಫೇಸ್ ಕರೆಂಟ್ ಇರುವ ಹೊತ್ತಿನಲ್ಲಿ ತನ್ನ ಕೈ ಚೆನ್ನಾಗಿ ಓಡುತ್ತದೆ ಎಂಬ ತೀರ್ಮಾನಕ್ಕೆ ಬಂದನು. ಕಾರಣ, ಅಂದಿನಿಂದ ತ್ರೀಫೇಸ್ ಹೊತ್ತಿನಲ್ಲಲ್ಲದೆ ಗಿಟಾರ್ ಮುಟ್ಟಲಿಲ್ಲ. ಮೂರು ತಿಂಗಳಲ್ಲಿ ನಾಲ್ಕನೇ ಹಂತಕ್ಕೆ ಬಡ್ತಿ ಪಡೆದನು. ತಮನ್ನಾ ತಮ್ಮ ಪ್ರಮಾಣಪತ್ರವನ್ನು ಇಡೀ ಕ್ಲಾಸಿಗೆ ಕಳಿಸಿದಳು. ಹೆಡ್‌ಮಾಸ್ಟರ್ ಮಹಾಲಿಂಗಯ್ಯನವರು ಆಮಂತ್ರಣದಲ್ಲಿ ‘ಗಿಟಾರ್: ಶ್ರೀ ಯೂನುಸ್, ನಾಲ್ಕನೇ ಹಂತ’ ಎಂದು ಅಚ್ಚು ಹಾಕಿಸಿದರು. ಅರ್ಜಿದಾರ ಆ ದಿನಗಳಲ್ಲಿ ಕಾಲರ್ ಸ್ವಲ್ಪ ಎತ್ತಿಕೊಂಡು ತಿರುಗಾಡಿದ್ದನ್ನು ಈ ಮೂಲಕ ಒಪ್ಪಿಕೊಳ್ಳುತ್ತಾನೆ.

೪. ಸಮಾರಂಭಕ್ಕೆ ಹನ್ನೆರಡು ದಿನ ಇರುವಾಗ ಮಾರಕ್ಕ ರಾಗಿ ತಂದಳು. ಅರ್ಜಿದಾರ ಪಾಠವನ್ನು ಅರ್ಧಕ್ಕೆ ಬಿಟ್ಟು, ಗಿಟಾರನ್ನು ಗೋಡೆಯ ಮೊಳೆಗೆ ನೇತುಹಾಕಿ, ಫೋನನ್ನು ತಕ್ಕಡಿಯ ಮೇಲಿಟ್ಟು ಮಿಲ್ಲಿಗೆ ರಾಗಿ ಸುರಿದನು. ತಾವು ತಕ್ಕಡಿಯ ಮೇಲಿನಿಂದ “ಎಕ್ಸಲೆಂಟ್!” ಎಂದಿರಿ. ಆಗ ನಡೆದ ಮಾತುಕತೆಯನ್ನು ಸಾಕ್ಷ್ಯವಾಗಿ ಸಲ್ಲಿಸಲಾಗಿದೆ:

“ಯಾರ್ ಸಾಬ್ರೇ ಅದು, ಒಳಗೆ ಯಾರೋ ಭೇಷ್ ಅಂದಂಗಾಯ್ತು?” ಎಂದಳು ಮಾರಕ್ಕ.

“ಫೋನು ಕಣಮ್ಮ. ಬಾರಿಸಿದ್ದು ಚೆಂದಾಗಿದ್ರೆ ಅಂಗನ್ನುತ್ತೆ.”

“ಯಾರ್ ಬಾರಿಸಿದ್ರು?”

ಜೋಳದ ಚೀಲದ ಮೇಲೆ ಕೂತಿದ್ದ ಕದರಪ್ಪ ಗೋಡೆ ನೋಡಿದ, ಗಿಟಾರ್ ನೋಡಿದ, ಅರ್ಜಿದಾರನನ್ನು ನೋಡಿದ. “ಇನ್ಯಾರು ಮಾರಕ್ಕ, ಮಿಲ್ಲು! ಬೆಲ್ಟು ಟಪ್ ಟಪ್ ಅನ್ನಾದು ತಾಳ, ಮೋಟ್ರು ಗುಂಯ್ ಅನ್ನಾದು ರಾಗ.”

“ಅಂಗಾರೆ ಇಷ್ಟು ದಿನ ಸಾಬ್ರು ಮಾಡ್ತಿದ್ದದ್ದು?”

“ಜತೆಗೆ ಕುಂತಿದ್ರು. ವಾಲಗದೋರ ಪಕ್ಕ ಮದ್ವೆ ಗಂಡು ಕುಂತಂಗೆ.”

೫. ಗಿರಾಕಿಗಳು ಹೋದ ಮೇಲೆ ಅರ್ಜಿದಾರ ಬಾಗಿಲು ಹಾಕಿಕೊಂಡು ಸ್ವಯಂ ತನಿಖೆ ಕೈಗೊಂಡನು. ಫಲಿತಾಂಶ: ಮಿಲ್ಲು ನಿಲ್ಲಿಸಿ ಗಿಟಾರ್ ಬಾರಿಸಿದಾಗ, ಹನ್ನೊಂದು. ಮಿಲ್ಲು ಮತ್ತು ಅರ್ಜಿದಾರ ಕೂಡಿ, ಎಪ್ಪತ್ತೊಂದು. ಮಿಲ್ಲು ಒಂದೇ, ಎಂಬತ್ತೆಂಟು. ಅಂದರೆ ಅರ್ಜಿದಾರ ಸೇರಿಕೊಂಡ ಪಕ್ಷದಲ್ಲಿ ಮಿಲ್ಲಿನ ಅಂಕ ಹದಿನೇಳು ಇಳಿಯುತ್ತದೆ. ಮೂರು ತಿಂಗಳು ಅರ್ಜಿದಾರ ಒಂದು ಪ್ರತಿಭೆಯನ್ನು ಹಿಂದಕ್ಕೆ ಎಳೆದಿದ್ದಾನೆ.

೬. ಈ ವಿಷಯವನ್ನು ಮಗಳಿಗೆ ತಿಳಿಸುವುದು ಬಾಕಿಯಿತ್ತು. ಊಟಕ್ಕೆ ಕೂತಾಗ ತಿಳಿಸಲಾಯಿತು.

“ತಮಾಷೆ ಮಾಡ್ಬೇಡಿ ಅಬ್ಬಾ” ಎಂದಳು.

“ನಾನೂ ತಮಾಷೆ ಅಂತ್ಲೇ ಅನ್ಕೊಂಡೆ. ಮಿಲ್ ಆಫ್ ಮಾಡಿ ನೋಡ್ದೆ.”

ಅರ್ಜಿದಾರನ ಹೆಂಡತಿ ಜಹೀದಾ ಸಾರು ಬಡಿಸುತ್ತಾ, “ಮೇಕೆ ಮೊದಲ್ನೇ ದಿನಾನೇ ಹೇಳ್ತಲ್ಲಾ. ಮೇಕೆ ಮಾತು ಯಾರ್ ಕೇಳ್ತಾರೆ ಈ ಮನೇಲಿ” ಎಂದಳು. ತಮನ್ನಾ ತಟ್ಟೆ ಸರಿಸಿ ಎದ್ದಳು. “ಕರೆಂಟ್ ನಂಬ್ಬೇಡ ಅಂದೋರು ನೀವು. ನೀವೇ ಕರೆಂಟ್ ಮೇಲೆ ಪಾಸಾಗಿದ್ದೀರ. ಬುಡಿ, ನಾನೊಬ್ಳೇ ಹಾಡ್ತೀನಿ.”

೭. ಆದ್ದರಿಂದ ಮರುದಿನ ಒಂದನೇ ಹಂತದಿಂದ ಕಲಿಯಲು ತಮ್ಮನ್ನು ತೆರೆದರೆ, ತಾವು ‘ನೀವು ಇದನ್ನೆಲ್ಲ ದಾಟಿದ್ದೀರಿ’ ಎಂದು ಅಭಿನಂದಿಸಿ, ನಾಲ್ಕು ಬೆರಳನ್ನು ನಾಲ್ಕು ದಿಕ್ಕಿಗೆ ಚಾಚುವ ಪಾಠ ತೋರಿಸಿದಿರಿ. ಹಿಂದಕ್ಕೆ ಹೋಗುವ ಗುಂಡಿ ಎಲ್ಲಿಯೂ ಕಂಡುಬಂದಿಲ್ಲ. ಇತ್ತ ಹೆಡ್‌ಮಾಸ್ಟರರ ಬಳಿ ಹೋಗಿ ಹಂತ ತೆಗೆಸಲು ವಿನಂತಿಸಿದ್ದಕ್ಕೆ, “ಅಚ್ಚಾಗ್ಬುಟ್ಟೈತೆ ಯೂನುಸಣ್ಣ. ನಾಲ್ಕನೇ ಹಂತ ಅಂದ್ರೆ ಮೇಲ್ಗಡೆದೋ ಕೆಳಗಡೆದೋ ಯಾರಿಗ್ ಗೊತ್ತು? ಸುಮ್ಕೆ ಬಂದ್ಬುಡಿ” ಎಂದರು. ಕಾರಣ, ಅರ್ಜಿದಾರ ತಮ್ಮ ಮಾರ್ಗದರ್ಶನವಿಲ್ಲದೆ, ಮಿಲ್ಲು ಮಲಗಿದ ಹೊತ್ತಿನಲ್ಲಿ, ಎರಡೇ ಬೆರಳಿಡುವ ಒಂದೇ ಒಂದು ಹಿಡಿತವನ್ನು (ಕಾರ್ಡ್) ಹನ್ನೊಂದು ದಿನ ಕಲಿತನು. ಮಗಳ ಹಾಡಿಗೆ ಅಂಥವು ಮೂರು ಬೇಕು.

೮. ಸಮಾರಂಭದ ದಿನ ಕರೆಂಟ್ ಒಂದು ಕ್ಷಣವೂ ಹೋಗಲಿಲ್ಲ. ಉಳಿದ ಮಕ್ಕಳೆಲ್ಲ ಪೆನ್‌ಡ್ರೈವ್ ಸಂಗೀತಕ್ಕೆ ಸೊಗಸಾಗಿ ಹಾಡಿದರು. ತಮನ್ನಾಳ ಹೆಸರು ಕೂಗಿದಾಗ ಅರ್ಜಿದಾರ, ಕರೆಯದಿದ್ದರೂ, ಗಿಟಾರ್ ಹಿಡಿದು ಮೆಟ್ಟಿಲು ಹತ್ತಿದನು. ಗಿಟಾರನ್ನು ಮಡಿಲಿಗೆ ಎಳೆದುಕೊಂಡಾಗ ಅದರ ಹೊಟ್ಟೆಯಿಂದ ಒಂದು ಹಿಡಿ ರಾಗಿ ಹಿಟ್ಟು ಪ್ಯಾಂಟಿನ ಮೇಲೆ ಬಿತ್ತು. ಹಿಂದಿನ ಬೆಂಚಿನವರು “ನಾಲ್ಕನೇ ಹಂತಾ!” ಎಂದು ಕೂಗಿದರು. ತಮನ್ನಾ ತಂದೆಯ ಮುಖ ನೋಡಲಿಲ್ಲ. ಅವನ ಜೇಬಿನಿಂದ ಫೋನ್ ತೆಗೆದು, ತಮ್ಮನ್ನು ತೆರೆದು ಮೈಕಿನ ಬುಡದಲ್ಲಿಟ್ಟಳು. “ಈ ಸಲ ನಿಮ್ದೇ ಮಾರ್ಕ್ಸ್ ಬರ್ಲಿ” ಎಂದಳು.

ಅರ್ಜಿದಾರ ಬಲ್ಲ ಹಿಡಿತ ಬಂದ ಕಡೆ ಬಾರಿಸಿದನು. ಬಾರದ ಕಡೆ ಕೈ ಎತ್ತಿಕೊಂಡು, ಬಸ್ಸಿಗೆ ಕಾಯುವವನಂತೆ ಕೂತನು. ಮೊದಲ ಎರಡು ಸಾಲು ಅವಳು ಮುಂದೆ, ಅವನು ಹಿಂದೆ. ಮೂರನೇ ಸಾಲಿಗೆ ಅವಳು ನಿಧಾನಿಸಿದಳು. ಅವನ ಬೆರಳು ತಂತಿಗೆ ಬರುವವರೆಗೂ ಪದವನ್ನು ಎಳೆದು ಹಿಡಿದುಕೊಂಡು ನಿಂತಳು. ಕೊನೆಯ ಸಾಲಿನವರೆಗೂ ಹಾಗೆಯೇ ಕಾದು ಕಾದು ಹಾಡಿದಳು. ಮೂರು ನಿಮಿಷದ ಹಾಡು ಆರು ನಿಮಿಷವಾಯಿತು. ತಾವು ಹದಿನಾಲ್ಕು ಅಂಕ ನೀಡಿ, “ಟ್ರೈ ಎಗೇನ್” ಎಂದಿರಿ. ಅದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು.

ಆದ್ದರಿಂದ, ತಮ್ಮಲ್ಲಿ ಅರಿಕೆ ಏನೆಂದರೆ:

ಅ) ಅರ್ಜಿದಾರನನ್ನು ತುರ್ತಾಗಿ ಒಂದನೇ ಹಂತಕ್ಕೆ ಇಳಿಸಬೇಕು.
ಆ) ಹದಿನಾಲ್ಕು ಅಂಕವನ್ನು ಯಾವ ಕಾರಣಕ್ಕೂ ಹೆಚ್ಚಿಸಬಾರದು. ಮಗಳು ಅದನ್ನು ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾಳೆ.
ಇ) ಮಿಲ್ಲಿಗೆ ಅದರದೇ ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆದುಕೊಡಬೇಕು. ಅರ್ಜಿದಾರನ ಸಲುವಾಗಿ ಅದರ ವಿದ್ಯಾಭ್ಯಾಸ ಅರ್ಧಕ್ಕೆ ನಿಲ್ಲಬಾರದು.

ಇತಿ, ತಮ್ಮ ‘ಎಕ್ಸಲೆಂಟ್’ಗೆ ಅರ್ಹನಲ್ಲದ ವಿಶ್ವಾಸಿ,
ಯೂನುಸ್
(ಎಡಗೈ ಬೆರಳುಗಳಲ್ಲಿ ಬೊಕ್ಕೆ ಎದ್ದಿರುವುದರಿಂದ ಹೆಬ್ಬೆಟ್ಟಿನ ಗುರುತು ಹಾಕಿಲ್ಲ)

ಲಗತ್ತುಗಳು:
೧. ಆಮಂತ್ರಣ ಪತ್ರಿಕೆ, ಒಂದು ಪ್ರತಿ (‘ನಾಲ್ಕನೇ ಹಂತ’ ಪೆನ್ನಿನಿಂದ ಹೊಡೆದುಹಾಕಿದೆ).
೨. ಮಿಲ್ಲಿನ ಧ್ವನಿಮುದ್ರಣ, ಎರಡು ನಿಮಿಷ.
೩. ಮೇಕೆಯ ಹೇಳಿಕೆ (ಪಡೆಯಲು ಹೋದಾಗ ಎದ್ದುಹೋಯಿತು).

ಷರಾ: ಉಲ್ಲೇಖ ಒಂದರ ಮಾತನ್ನು ನಡೆಸಿಕೊಡಲಾಗಿದೆ.