ಜೆರಂಡಿಗೆ ಹಿಮ್ಮೇಳ

ಇಂಗ್ಲಿಷ್ ವ್ಯಾಕರಣ ನೀರಸ ಅನ್ನುವವರು ಒಂದು ಸಂಜೆ ಕುಮಟೆಯ ನಮ್ಮ ಮನೆ ಜಗಲಿಗೆ ಬಂದು ಕೂರಬೇಕು ಮಾರಾಯ್ರೆ. ನಾನು ಟ್ಯೂಶನ್ ಹೇಳುವುದು ಅಲ್ಲೇ; ದಿನಕ್ಕೊಂದು ಫಜೀತಿ ಇದ್ದದ್ದೇ.

೧. ಒಬ್ಬಳಿಗೆ ಪಾಠ, ಮೂವರಿಗೆ ಚಾ

ಸಂತೆಗುಳಿ ಕಡೆಯ ಅಂಗನವಾಡಿ ಸಹಾಯಕಿಯೊಬ್ಬಳು ಬಂದಳು. ಹತ್ತನೇ ಕ್ಲಾಸಿನ ಇಂಗ್ಲಿಷ್ ಒಂದೇ ಬಾಕಿ. ಪಾಸಾದರೆ ಅಲ್ಲೇ ಟೀಚರ್ ಆಗಬಹುದು. "ಇದೇ ಕಡೇ ಸಲ. ಇಲ್ಲದಿದ್ರೆ ಜನ್ಮಪೂರ್ತಿ ಉಪ್ಪಿಟ್ಟು ತಿರುವೂದೇ," ಅಂದಳು. ಪಾಪ ಅನ್ನಿಸಿತು. ನೋಡಿದರೆ ಬೆನ್ನ ಹಿಂದೆ ಇನ್ನಿಬ್ಬರು ಹೆಂಗಸರು!

"ಇವರಿಗೂ ಪರೀಕ್ಷೆಯಾ?"

"ಇಲ್ಲ, ನನ್ನ ಸಂಗ್ತಿ ಗದ್ದೇಲಿ ಹಾಡು ಹೇಳ್ತಾ ಸಸಿ ನಟ್ಟಿ ಮಾಡೋರು. ನಾ ಒಂದು ಸಾಲು ಹೇಳಿದ್ರೆ ಎತ್ತಿಕೊಳ್ಳೂಕೆ ಜನ ಬೇಡ್ವಾ ಟೀಚರೇ?"

೨. ಗದ್ದೆಗಿಳಿದ ಪಾಠ

'ಎಂಜಾಯ್', 'ಫಿನಿಶ್' ಬಂದರೆ ಮುಂದಿನ ಕ್ರಿಯಾಪದಕ್ಕೆ 'ಇಂಗ್' ಹಚ್ಚಬೇಕು, ಅದು ಜೆರಂಡ್. 'ವಾಂಟ್', 'ಹೋಪ್' ಬಂದರೆ 'ಟು', ಅದು ಇನ್ಫಿನಿಟಿವ್. ಬೋರ್ಡಿನ ಮೇಲೆ ಎಷ್ಟು ಬರೆದರೂ ತಲೆಗೆ ಹತ್ತಲಿಲ್ಲ. ಕಡೆಗೆ ಅವರೇ ಅದನ್ನು ನಟ್ಟಿ ಹಾಡಿನ ಧಾಟಿಗೆ ಕೂಡಿಸಿದರು. ಅವಳು "ಎಂಜಾಯ್, ಫಿನಿಶ್" ಅಂತ ಎಳೆದರೆ ಇವರಿಬ್ಬರು "ಇಂಗೋ ಇಂಗು" ಅಂತ ಎತ್ತಿಕೊಳ್ಳುವುದು.

ಸ್ವಲ್ಪ ದಿನಕ್ಕೆ ಅವರು ನಟ್ಟಿ ಮಾಡುವ ಗದ್ದೆಯ ಒಡೆಯರ ಫೋನು. ಬೈತಾರೆ ಅಂದುಕೊಂಡೆ. "ಟೀಚರೇ, ನಿಮ್ಮ ಪಾಠಕ್ಕೆ ಕೈ ಜೋರು ಓಡ್ತದೆ. ಕೆಳಗಿನ ಗದ್ದೆಗೂ ಒಂದು ಕಳಿಸಿ!"

ಪ್ಯಾಸಿವ್ ವಾಯ್ಸ್ ಕಳಿಸಿದೆ. ಅಷ್ಟುದ್ದದ ಸಾಲು ಬಗ್ಗಿ ಹಾಡಿದ್ರೆ ಉಸಿರು ಕಟ್ತದೆ ಅಂತ ವಾಪಸು ಬಂತು.

೩. ಕಿಟಕಿಯಾಚೆ

ಪರೀಕ್ಷೆ ಹೊನ್ನಾವರದಲ್ಲಿ. ಗೆಳತಿಯರನ್ನು ಒಳಗೆ ಬಿಡ್ತಾರಾ? ಅವರ ಜೊತೆ ನಾನೂ ಗೇಟಿನ ಹೊರಗೆ, ಅವಳ ಕೋಣೆಯ ಕಿಟಕಿಗೆ ಎದುರಾಗಿ ನಿಂತೆ.

ಜೆರಂಡಿನ ಪ್ರಶ್ನೆಗೆ ಅವಳು ಸರಿಯಾಗೇ ಉತ್ತರ ಬರೆದಳಂತೆ. ಬರೆದವಳು ಅಭ್ಯಾಸಬಲದಿಂದ "ಎಂಜಾಯ್, ಫಿನಿಶ್" ಅಂತ ಗುನುಗಿ ಕಾದಳು. ಎತ್ತಿಕೊಳ್ಳುವವರೇ ಇಲ್ಲ! ಹಾಡು ಅರ್ಧಕ್ಕೆ ನಿಂತಿತು, ಪೆನ್ನೂ ನಿಂತಿತು. ಹೊತ್ತು ಓಡುತ್ತಿತ್ತು. ತಡೆಯಲಾರದೆ ಗಂಟಲು ಬಿಟ್ಟೇ ಹಾಡಿದಳು.

ನನ್ನ ಪಕ್ಕದಿಂದ ತಕ್ಷಣ ಎರಡು ಗಂಟಲು: "ಇಂಗೋ ಇಂಗು!"

ಒಳಗೆ ಪೆನ್ನು ಸರಸರ ಓಡಿತು. ಪಾಸಾದಳು, ಈಗ ಟೀಚರ್. ಆದರೆ ಅವತ್ತು ಹಾಡು ಕೇಳಿದ್ದೇ ಪರೀಕ್ಷೆಯ ಮೇಲ್ವಿಚಾರಕಿ ಕೆಂಡವಾಗಿ ಗೇಟಿಗೆ ಬಂದರು. "ಎಂತ ಗಲಾಟೆ ಇದು?"

"ಹಾಡು ಶುರು ಮಾಡಿದವಳನ್ನ ನಡು ಗದ್ದೆಲಿ ಬಿಡೂಕಾತದಾ ಅಮ್ಮಾ?" ಅಂದಳು ಗೆಳತಿಯರಲ್ಲೊಬ್ಬಳು.

ಮೇಲ್ವಿಚಾರಕಿ ತಿರುಗಿ ಹೊರಟರು. ಸ್ವಲ್ಪ ದೂರ ಹೋಗಿ, ಅತ್ತಿತ್ತ ನೋಡಿ, ವಾಪಸು ಬಂದು ಪಿಸುಗುಟ್ಟಿದರು:

"ಶಿರಾಲಿಲಿ ನಮ್ದೂ ನಟ್ಟಿ ಬಾಕಿ ಅದೆ. ನಾಡಿದ್ದು ಬರ್ತೀರಾ? ಒಳಗಿದ್ದವಳನ್ನೂ ಕರ್ಕೊಂಡು ಬನ್ನಿ!"